ಬೀರುವಿನ ಕಿಟ್ಟಿನಿಂದ ಕಾಲುಸಂಕದ ದೀಪದವರೆಗೆ

ನಾನಿದ್ದ ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಲ್ಯಾಬಿಗೆ ಇನ್‌ಸ್ಟ್ರಕ್ಟರಾಗಿ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಸಾಗರದ ನಮ್ಮ ಮನೆಗೆ ಬಂದಿದ್ದರು. ಕಾಫಿ ಆಯಿತು, ಚಕ್ಕುಲಿ ಆಯಿತು. ಆಮೇಲೆ ಅವರಲ್ಲೊಬ್ಬಳು, "ಮೇಡಂ, ಲ್ಯಾಬ್ ಇನ್‌ಸ್ಟ್ರಕ್ಟರ್ ಅಂದ್ರೆ ಬೆಳಿಗ್ಗೆ ಬೋರ್ಡ್ ಕೊಡೋದು, ಸಂಜೆ ಬೋರ್ಡ್ ಇಸ್ಕೊಳ್ಳೋದು, ಅಷ್ಟೇ ಅಲ್ವಾ?" ಎಂದಳು. ನನಗೆ ಚುರ್ರೆಂದಿತು. ಅವಳದೇನೂ ತಪ್ಪಿಲ್ಲ, ಕೆಲಸದ ಆದೇಶದಲ್ಲಿ ಬರೆದಿರುವುದೂ ಹೆಚ್ಚುಕಡಿಮೆ ಅಷ್ಟೇ. ಆದರೆ ನನ್ನ ಸರ್ವಿಸಿನ ಕೊನೆಯ ಮಳೆಗಾಲದಲ್ಲಿ, ಹೊಸನಗರದ ಕಡೆಯ ಒಂದು ಹಳ್ಳದ ದಂಡೆಯ ಮೇಲೆ, ಹೂವಮ್ಮ ಎಂಬ ಹೆಂಗಸು ನಿಂತಿದ್ದಳು. ಅವಳ ಮುಂದೆ ಇದ್ದದ್ದು ಕಾಲುಸಂಕ. ಎರಡು ಮೂರು ಮರದ ದಿಮ್ಮಿ ಜೋಡಿಸಿ ಕಟ್ಟಿದ, ಒಬ್ಬರು ನಡೆಯುವಷ್ಟೇ ಅಗಲದ ಸೇತುವೆ. ದಾಟದಿದ್ದರೆ ಆಚೆ ಶಾಲೆಯ ಮಕ್ಕಳಿಗೆ ಊಟವಿಲ್ಲ. ದಾಟುವಾಗ ನೀರು ಬಂದರೆ ಅವಳೇ ಇಲ್ಲ. ದಾಟು ಅಥವಾ ಬೇಡ ಎಂದು ಅವಳಿಗೆ ಹೇಳಬೇಕಾಗಿದ್ದದ್ದು ನಮ್ಮ ಲ್ಯಾಬಿನಿಂದ ಹೋದ, ಬೆಂಕಿಪೊಟ್ಟಣದಷ್ಟು ಅಗಲದ ಒಂದು ಬೋರ್ಡು.

ಅಂಥ ಬೋರ್ಡು ನಮ್ಮ ಕೈಗೆ ಬರುವಷ್ಟರಲ್ಲಿ ನನ್ನ ಸರ್ವಿಸೇ ಮುಗಿಯುತ್ತ ಬಂದಿತ್ತು. ಅದು ಹೇಗೆ ಬಂತು ಎಂದು ಹೇಳದೆ ಅದನ್ನು ಹೇಗೆ ಕೊಡಬೇಕು, ಹೇಗೆ ಇಸಿದುಕೊಳ್ಳಬೇಕು ಎಂದು ಹೇಳಿ ಪ್ರಯೋಜನವಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಕಾಲೇಜಿನ ಹೆಸರು ಹಾಕುವುದಿಲ್ಲ. ಅಲ್ಲಿದ್ದವರಿಗೆ ಗೊತ್ತಾಗುತ್ತದೆ, ಇಲ್ಲದವರಿಗೆ ಬೇಕಾಗಿಲ್ಲ.

ನಾನು ಆನಂದಪುರದಿಂದ ಸಾಗರಕ್ಕೆ ಬಸ್ಸಿನಲ್ಲಿ ಓಡಾಡಿಕೊಂಡು ಕೆಲಸಕ್ಕೆ ಸೇರಿದ ಕಾಲದಲ್ಲಿ ನಮ್ಮ ಕಡೆ ಕಂಪ್ಯೂಟರನ್ನು ಕಣ್ಣಾರೆ ಕಂಡವರು ಇರಲಿಲ್ಲವೆಂದೇ ಹೇಳಬೇಕು. ಅದು ದೊಡ್ಡ ಊರಿನ ದೊಡ್ಡ ಆಫೀಸಿನಲ್ಲಿ, ತಣ್ಣನೆಯ ಕೋಣೆಯಲ್ಲಿ ಇರುತ್ತದಂತೆ, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಂತೆ ಎಂದು ಕೇಳಿದ್ದೆವು. ಗರ್ಭಗುಡಿಗೂ ಅದಕ್ಕೂ ಇದ್ದ ವ್ಯತ್ಯಾಸ ಮಂಗಳಾರತಿ ಒಂದೇ. ಹೀಗಿರುವಾಗ, ನಾನು ಸೇರಿದ ಮೊದಲ ವಾರ, ನಮ್ಮ ವಿಭಾಗದ ಮುಖ್ಯಸ್ಥರಾಗಿದ್ದ ಶಂಕರನಾರಾಯಣ ಸರ್ ಕಬ್ಬಿಣದ ಬೀರುವಿನ ಬಾಗಿಲು ತೆಗೆದು, ಟವೆಲ್ಲಿನಲ್ಲಿ ಸುತ್ತಿಟ್ಟಿದ್ದ ಏನನ್ನೋ ಎರಡೂ ಕೈಯಲ್ಲಿ ತಂದು ಮೇಜಿನ ಮೇಲಿಟ್ಟು ಬಿಚ್ಚಿದರು.

"ನೋಡಮ್ಮ, ಇದೇ ಕಂಪ್ಯೂಟರ್," ಎಂದರು.

ನಾನು ಪೆಟ್ಟಿಗೆ ಎಲ್ಲಿದೆ ಎಂದು ನೋಡಿದೆ. ಪೆಟ್ಟಿಗೆ ಇರಲಿಲ್ಲ. ಟಿವಿಯಂಥ ಪರದೆಯೂ ಇರಲಿಲ್ಲ. ಒಂದು ಹಸಿರು ಹಲಗೆ, ಅದರ ಮೇಲೆ ಸಾಲಾಗಿ ಕಾಲೂರಿ ಕೂತ ಕಪ್ಪು ಚಿಪ್‌ಗಳು, ಒಂದು ಬದಿಯಲ್ಲಿ ಕ್ಯಾಲ್ಕ್ಯುಲೇಟರಿನಂಥ ಗುಂಡಿಗಳು, ಮೇಲುಗಡೆ ಕೆಂಪಗೆ ಉರಿಯುವ ನಾಲ್ಕಾರು ಅಂಕಿಗಳು. ಲೆಕ್ಕ ಮಾಡುವ ಚಿಪ್, ನೆನಪಿಟ್ಟುಕೊಳ್ಳುವ ಚಿಪ್, ನಾವು ಹೇಳಿದ್ದನ್ನು ಕೇಳುವ ಗುಂಡಿ, ಅದು ಹೇಳುವುದನ್ನು ತೋರಿಸುವ ಅಂಕಿ, ಎಲ್ಲವೂ ಒಂದೇ ಹಲಗೆಯ ಮೇಲೆ. ಅದಕ್ಕೇ ಅದರ ಹೆಸರು ಸಿಂಗಲ್ ಬೋರ್ಡ್ ಕಂಪ್ಯೂಟರ್. ನಮ್ಮ ಬಾಯಲ್ಲಿ ಬರೀ ಕಿಟ್.

ಆ ಕಿಟ್ಟಿಗೆ ಕನ್ನಡವೂ ಬಾರದು, ಇಂಗ್ಲಿಷೂ ಬಾರದು. ಸೊನ್ನೆಯಿಂದ ಒಂಬತ್ತು, ಆಮೇಲೆ ಎ ಇಂದ ಎಫ್, ಇಷ್ಟರಲ್ಲೇ ಅದಕ್ಕೆ ಎಲ್ಲವನ್ನೂ ತಿಳಿಸಬೇಕು. ಎರಡಕ್ಕೆ ಮೂರು ಕೂಡಿಸು ಎಂದು ಹೇಳಲು ನಾನು ಅರ್ಧ ಗಂಟೆ ಗುಂಡಿ ಒತ್ತಿದೆ. ಒಂದು ಗುಂಡಿ ತಪ್ಪಿದರೆ ಮೊದಲಿನಿಂದ. ಕೊನೆಗೊಮ್ಮೆ ಕೆಂಪಗೆ ಐದು ಬಂತು. ಎರಡು ಮೂರು ಸೇರಿದರೆ ಐದು ಎಂದು ನನಗೂ ಗೊತ್ತಿತ್ತು. ಆದರೆ ಅದಕ್ಕೆ ಗೊತ್ತಾಯಿತಲ್ಲ! ಜೀವವಿಲ್ಲದ ಹಲಗೆಗೆ ಗೊತ್ತಾಯಿತಲ್ಲ! ಮೈಮೇಲೆ ಮುಳ್ಳೆದ್ದಿತು. ಅವತ್ತು ಬಸ್ಸಿನಲ್ಲಿ ಮನೆಗೆ ಹೋಗುವಾಗ ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸಿಗೆ ಅದನ್ನು ಹೇಳಿದೆ. ಆಕೆ ನನ್ನನ್ನು ಒಂದು ಸಲ ನೋಡಿ ಕಿಟಕಿಯ ಕಡೆ ಸರಿದು ಕೂತಳು.

ಶಂಕರನಾರಾಯಣ ಸರ್ ಒಳ್ಳೆಯವರು, ಆದರೆ ಮೂಗಿನ ತುದಿಯಲ್ಲಿ ಕೋಪ. ಇಡೀ ಕಾಲೇಜಿಗೆ ಇದ್ದದ್ದು ಬೆರಳೆಣಿಕೆಯ ಕಿಟ್. ಅವರ ಒಂದು ವರ್ಷದ ಸಂಬಳಕ್ಕೂ ಒಂದು ಕಿಟ್ಟಿನ ಬೆಲೆಗೂ ಪೈಪೋಟಿ. ಹಾಗಾಗಿ ಪರೀಕ್ಷೆಯ ದಿನ ಬಿಟ್ಟರೆ ಮಿಕ್ಕ ದಿನ ಕಿಟ್ಟಿಗೆ ಬೀರುವಾಸ. "ಕೆಟ್ಟರೆ ಯಾರು ಉತ್ತರ ಕೊಡ್ತಾರೆ? ನಿಮ್ಮಪ್ಪನಾ?" ಎಂದು ಹುಡುಗರ ಮೇಲೆ ಹಾಯುತ್ತಿದ್ದರು. ಹುಡುಗರೇನು ಕಡಿಮೆಯೇ? ರಟ್ಟಿನ ಮೇಲೆ ಕಿಟ್ಟಿನ ಗುಂಡಿಗಳನ್ನು ಹಾಗೇ ಬರೆದುಕೊಂಡು, ಹಾಸ್ಟೆಲಿನಲ್ಲಿ ಕೂತು, ಮಂತ್ರ ಹೇಳುವ ಹಾಗೆ ಬಾಯಲ್ಲಿ ಸಂಖ್ಯೆ ಹೇಳುತ್ತ ರಟ್ಟು ಒತ್ತಿ ಅಭ್ಯಾಸ ಮಾಡುತ್ತಿದ್ದರು. ಪರೀಕ್ಷೆಯ ದಿನ ನಿಜವಾದ ಕಿಟ್ಟಿನ ಮುಂದೆ ಕೂತರೆ ಬೆರಳು ತಾನಾಗಿ ಓಡುತ್ತಿತ್ತು. ಒಬ್ಬ ಹುಡುಗ ಕಣ್ಣು ಮುಚ್ಚಿಕೊಂಡೇ ಇಡೀ ಪ್ರೋಗ್ರಾಮು ಒತ್ತಿದ್ದನ್ನು ನಾನೇ ನೋಡಿದ್ದೇನೆ. ಈಜಲು ಕಲಿತದ್ದು ಅಂಗಳದಲ್ಲಿ, ಇಳಿದದ್ದು ಹೊಳೆಗೆ, ಆದರೂ ಮುಳುಗಲಿಲ್ಲ. ಅವರನ್ನು ನೆನೆದರೆ ನನಗೆ ಇವತ್ತಿಗೂ ಬೆರಗು.

ಸರ್ ನಿವೃತ್ತರಾದ ದಿನ ಹಾರ, ಶಾಲು, ಭಾಷಣ ಎಲ್ಲ ಮುಗಿದ ಮೇಲೆ ಲ್ಯಾಬಿಗೆ ಬಂದು ಬೀರುವಿನ ಕೀ ನನ್ನ ಕೈಗಿಟ್ಟರು. ಕೊಟ್ಟವರು ಹೋಗಲಿಲ್ಲ. ಸ್ವಲ್ಪ ಹೊತ್ತು ನಿಂತು, "ಒಂದು ಸಲ ನಾನೂ ಒತ್ತಿ ನೋಡ್ಲಾ?" ಎಂದು ಕೇಳಿದರು. ಅಷ್ಟು ವರ್ಷ ಪಾಠ ಮಾಡಿದವರು, ಕೆಟ್ಟೀತೆಂಬ ಭಯಕ್ಕೆ ತಾವೇ ಒಂದು ದಿನವೂ ಕಿಟ್ಟಿನ ಗುಂಡಿ ಒತ್ತಿರಲಿಲ್ಲ! ನಾನು ಹೇಳುತ್ತ ಹೋದೆ, ಅವರು ಒಂದೊಂದೇ ಗುಂಡಿ ಒತ್ತುತ್ತ ಹೋದರು. ಉತ್ತರ ಬಂದಾಗ ಕೈಮುಗಿದರು.

ಕಿಟ್ಟಿನ ದೊಡ್ಡ ರೋಗವೆಂದರೆ ಮರೆವು. ಕರೆಂಟ್ ಹೋದರೆ ಅದಕ್ಕೆ ಹೇಳಿಕೊಟ್ಟದ್ದೆಲ್ಲ ಹೋಯಿತು. ನಮ್ಮಲ್ಲಿ ಕರೆಂಟ್ ಹೋಗಲು ಗುಡುಗಬೇಕೆಂದಿಲ್ಲ, ಗುಡುಗುವ ಮನಸ್ಸು ಮಾಡಿದರೂ ಸಾಕು. ತೀರ್ಥಹಳ್ಳಿಯಲ್ಲಿ ಒಮ್ಮೆ ವಿಜ್ಞಾನ ಮೇಳ ನಡೆಯಿತು. ನಾವು ಕಿಟ್ ಹೊತ್ತುಕೊಂಡು ಹೋಗಿ ರಟ್ಟಿನ ಊರು ಕಟ್ಟಿ, ನಾಲ್ಕು ರಸ್ತೆ ಸೇರುವಲ್ಲಿ ಟ್ರಾಫಿಕ್ ದೀಪ ನಿಲ್ಲಿಸಿದೆವು. ತೀರ್ಥಹಳ್ಳಿಯಲ್ಲಿ ಆಗ ಟ್ರಾಫಿಕ್ ದೀಪ ಎಲ್ಲಿತ್ತು? ಜನ ಮುತ್ತಿಕೊಂಡು ನೋಡಿದರು. ಕೆಂಪು ಹೋಗಿ ಹಸಿರು ಬಂದರೆ ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು. ಉದ್ಘಾಟನೆಗೆ ಬಂದ ದೊಡ್ಡ ಅಧಿಕಾರಿ ನಮ್ಮ ಮೇಜಿನ ಮುಂದೆ ಬಂದು ನಿಂತದ್ದೇ ತಡ, ಕರೆಂಟ್ ಕಣ್ಣು ಮಿಟುಕಿಸಿದಂತೆ ಹೋಗಿ ಬಂತು. ಕಿಟ್ ಎಲ್ಲವನ್ನೂ ಮರೆತಿತ್ತು. ಕೆಂಪು, ಹಳದಿ, ಹಸಿರು ನಾಲ್ಕೂ ದಿಕ್ಕಿಗೆ ಒಟ್ಟಿಗೇ ಉರಿಯತೊಡಗಿದವು.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು, "ಈಗ ನಾನು ನಿಲ್ಲಬೇಕೋ ಹೋಗಬೇಕೋ?" ಎಂದರು.

ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ನಾನೂ ನಕ್ಕೆ, ಆದರೆ ಆ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಬೋರ್ಡು ಸರಿಯಾಗಿದ್ದಾಗ ಏನು ಮಾಡುತ್ತದೆ ಎಂದು ಎಲ್ಲರೂ ಕಲಿಸುತ್ತಾರೆ. ಅದು ಮರೆತಾಗ, ಸತ್ತಾಗ ಏನು ಮಾಡುತ್ತದೆ? ಅದರ ಮುಂದೆ ನಿಂತ ಮನುಷ್ಯ ಏನು ಮಾಡಬೇಕು? ನನ್ನ ಬ್ಯಾಚಿನ ಮಕ್ಕಳಿಗೆ ಆವತ್ತಿನಿಂದ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಅದೇ. ನೀವೂ ಕೇಳಿ.

ಆಮೇಲೆ ಮುಚ್ಚಿದ ಪೆಟ್ಟಿಗೆಯ ಕಂಪ್ಯೂಟರುಗಳು ಬಂದವು. ಪರದೆ, ಇಲಿ, ಬಣ್ಣ, ಹಾಡು. ಲ್ಯಾಬಿಗೆ ಟೈಲ್ಸ್ ಬಂತು, ಪರದೆಗಳಿಗೆ ಬಟ್ಟೆಯ ಕವರು ಬಂತು. ಪಠ್ಯ ಬದಲಾಯಿತು, ಕಿಟ್‌ಗಳು ಗುಜರಿಗೆ ಹೋದವು. ತೂಕಕ್ಕೆ ಹಾಕಿಕೊಂಡು ಹೋದ ಗಾಡಿಯವನು, "ಇದ್ರಲ್ಲಿ ತಾಮ್ರ ಎಷ್ಟಿದೆ ಮೇಡಂ?" ಎಂದು ಕೇಳಿದ. ಹೊಸ ಪೆಟ್ಟಿಗೆಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಆದರೆ ಅವುಗಳ ಮುಂದೆ ಕೂತ ಮಕ್ಕಳು ಒಳಗೆ ಏನಿದೆ ಎಂದು ಕೇಳುವುದನ್ನೇ ಬಿಟ್ಟರು. ಒಂದು ಸಲ ಎರಡನೇ ವರ್ಷದ ಹುಡುಗನೊಬ್ಬನಿಗೆ ಕಂಪ್ಯೂಟರ್ ಮುಟ್ಟಿ ತೋರಿಸು ಎಂದರೆ ಪರದೆಯನ್ನು ಮುಟ್ಟಿ ತೋರಿಸಿದ. ಅದೊಂದು ಹತ್ತು ಹದಿನೈದು ವರ್ಷ ನನಗೆ ಕೆಲಸವೆಂದರೆ ಬೇಸರ, ಸಹಿ ಹಾಕಿ ಮನೆಗೆ ಹೋಗುವುದಷ್ಟೇ. ಬಾಯಿಬಿಟ್ಟು ಹೇಳಬೇಕಾದ ಮಾತು, ಹೇಳುತ್ತಿದ್ದೇನೆ.

ಹಲಗೆ ಮತ್ತೆ ಬಂತು. ಮೊದಲು ಇಟಲಿಯ ಮೇಷ್ಟರುಗಳು ತಮ್ಮ ವಿದ್ಯಾರ್ಥಿಗಳಿಗಾಗಿ ಮಾಡಿದ ನೀಲಿ ಬೋರ್ಡು. ಒಂದು ದೀಪ ಮಿನುಗಿಸು ಎಂದರೆ ಮಿನುಗಿಸುತ್ತದೆ, ಕರೆಂಟ್ ಹೋಗಿ ಬಂದರೂ ಹೇಳಿದ್ದನ್ನು ಮರೆಯುವುದಿಲ್ಲ. ಮರೆವಿನ ರೋಗ ವಾಸಿಯಾದ ಬೋರ್ಡನ್ನು ಮೊದಲ ಸಲ ನೋಡಿದಾಗ, ಸ್ವಿಚ್ ಆರಿಸಿ ಹಾಕಿ, ಆರಿಸಿ ಹಾಕಿ, ಸಣ್ಣ ಮಗುವಿನ ಹಾಗೆ ಆಟ ಆಡಿದೆ. ಅದರ ಹಿಂದೆಯೇ ಇಂಗ್ಲೆಂಡಿನಿಂದ, ಹಣ್ಣಿನ ಹೆಸರಿಟ್ಟುಕೊಂಡ ಇನ್ನೊಂದು ಬಂತು. ಅಲ್ಲಿಯ ಮೇಷ್ಟರುಗಳಿಗೂ ನನ್ನದೇ ಚಿಂತೆಯಂತೆ, ಮಕ್ಕಳು ಪೆಟ್ಟಿಗೆಯ ಒಳಗನ್ನು ಮರೆತರಲ್ಲ ಎಂದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅದನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡು ಬಂದಿದ್ದ. ಜೇಬಿನಲ್ಲಿ! ಸ್ಟಾಫ್ ರೂಮಿನ ಟಿವಿಗೆ ಸಿಕ್ಕಿಸಿ ತೋರಿಸಿದ. ಹೊಸ ಲ್ಯಾಬಿನ ದೊಡ್ಡ ಪೆಟ್ಟಿಗೆ ಮಾಡುತ್ತಿದ್ದುದೆಲ್ಲವನ್ನೂ ಅದು ಮಾಡಿತು. ನಮ್ಮ ಹಳೆಯ ಕಿಟ್ಟಿನ ನೆನಪಿನಲ್ಲಿ ಈ ಬರಹದ ಒಂದು ಪುಟ ಹಿಡಿಸುತ್ತಿತ್ತೋ ಇಲ್ಲವೋ. ಇದರ ಉಗುರಿನಷ್ಟು ಕಾರ್ಡಿನಲ್ಲಿ ಇಡೀ ಕಾಲೇಜಿನ ಲೈಬ್ರರಿ ಕೂತು ಇನ್ನೂ ಜಾಗ ಮಿಗುತ್ತದೆ ಎಂದ. ನಾನು ಅದನ್ನು ಅಂಗೈ ಮೇಲೆ ಇಟ್ಟುಕೊಂಡೆ. ಸ್ವಲ್ಪ ಬೆಚ್ಚಗಿತ್ತು.

ಅಲ್ಲಿಂದ ಮುಂದೆ ಬೆಲೆ ಇಳಿದ ರಭಸ ಏನು ಹೇಳಲಿ! ಕೊನೆಕೊನೆಗೆ ಬಂದ ಚಿಕ್ಕ ಬೋರ್ಡುಗಳು, ಅದೂ ಒಳಗೇ ರೇಡಿಯೊ ಇರುವಂಥವು, ಸಾಗರದ ಹೋಟೆಲಿನಲ್ಲಿ ಇಬ್ಬರು ಮಸಾಲೆ ದೋಸೆ ತಿಂದು ಕಾಫಿ ಕುಡಿದೆದ್ದ ಬಿಲ್ಲಿಗೆ ಬರುತ್ತಿದ್ದವು. ಹೊಸದಾಗಿ ಕೆಲಸಕ್ಕೆ ಬರುವವರು ಇದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಅಗ್ಗವಾಯಿತು ಎಂದರೆ ಕೀಳಾಯಿತು ಎಂದಲ್ಲ. ಕೆಡಿಸುವ ಸ್ವಾತಂತ್ರ್ಯ ಸಿಕ್ಕಿತು ಎಂದು. ಬೀರುವಿನ ಬಾಗಿಲು ತೆಗೆದಿಟ್ಟೆ. ಮನೆಗೆ ತಗೊಂಡು ಹೋಗಿ, ಏನು ಬೇಕಾದರೂ ಮಾಡಿ, ಸುಟ್ಟರೆ ಸುಡಲಿ, ಹೇಗೆ ಸುಟ್ಟಿತು ಅಂತ ಬಂದು ಹೇಳಿ ಎಂದೆ. ಮೊದಲ ದಿನ ಬೋರ್ಡುಗಳು ಮಕ್ಕಳ ಬ್ಯಾಗು ಸೇರಿ ಗೇಟು ದಾಟುವಾಗ ನನ್ನ ಎದೆಯೂ ಡವಡವ ಎಂದಿತು. ಹಾಗೆ ಗೇಟು ದಾಟಿದ ಬೋರ್ಡುಗಳಲ್ಲೊಂದು ಹೊಸನಗರದ ಬಸ್ಸು ಹತ್ತಿತು.

ಅದನ್ನು ತಗೊಂಡು ಹೋದವಳು ಸುಮಾ, ಕೊನೆಯ ವರ್ಷದ ಹುಡುಗಿ. ಮಾತು ಕಡಿಮೆ, ಪ್ರಶ್ನೆ ಜಾಸ್ತಿ. ಅವಳ ಅಮ್ಮನೇ ನಾನು ಮೊದಲಿಗೆ ಹೇಳಿದ ಹೂವಮ್ಮ, ಹಳ್ಳದ ಆಚೆಯ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವಳು. ದಿನಾ ಬೆಳಿಗ್ಗೆ ಕಾಲುಸಂಕ ದಾಟಿ ಹೋಗಬೇಕು, ಮಧ್ಯಾಹ್ನ ದಾಟಿ ಬರಬೇಕು. ಆ ಹಳ್ಳದ ಬುದ್ಧಿ ಕೆಟ್ಟದು. ಸಂಕದ ಹತ್ತಿರ ಬಿಸಿಲು ಕಾಯುತ್ತಿದ್ದರೂ ಮೇಲೆ ಗುಡ್ಡದಲ್ಲಿ ಮಳೆ ಹೊಡೆದರೆ ಒಂದೇ ಉಸಿರಿಗೆ ನೀರು ಇಳಿದು ಬರುತ್ತದೆ. ಸೇತುವೆ ಮಂಜೂರಾಗಿದೆ ಎಂದು ಎಲ್ಲರೂ ಹೇಳುತ್ತಲೇ ಇದ್ದರು. ಹಿಂದಿನ ವರ್ಷ ಹೂವಮ್ಮ ಸಂಕ ದಾಟಿ ದಂಡೆಗೆ ಕಾಲಿಡುವುದಕ್ಕೂ ಹಿಂದಿನಿಂದ ನೀರು ನುಗ್ಗುವುದಕ್ಕೂ ಸರಿಹೋಗಿತ್ತು. ದಂಡೆಯಲ್ಲಿದ್ದ ಸುಮಾ ನೋಡಿದ್ದಳು.

"ಕೊಡೆ ಹೋಯ್ತು ಅಂತ ಅಮ್ಮ ಹಳ್ಳಕ್ಕೆ ಬೈತಾ ಕೂತಿದ್ಲು ಮೇಡಂ. ನಂಗೆ ಇವತ್ತಿಗೂ ನಿದ್ದೇಲಿ ಆ ಕೊಡೆ ತೇಲ್ಕೊಂಡು ಹೋಗೋದು ಕಾಣುತ್ತೆ," ಎಂದಳು.

ಅವಳ ಯೋಚನೆ ಹೀಗಿತ್ತು. ಹಳ್ಳದ ಮೇಲ್ಭಾಗದಲ್ಲಿ, ಕೂಗಿದರೂ ಸಂಕಕ್ಕೆ ಕೇಳದಷ್ಟು ದೂರದಲ್ಲಿ, ಒಂದು ಕಂಬ ನೆಟ್ಟು ಡಬ್ಬಿಯಲ್ಲಿ ಒಂದು ಬೋರ್ಡು ಇಡುವುದು. ಅದು ನೀರಿನ ಕಡೆಗೆ ಸಣ್ಣ ಸದ್ದು ಬಿಟ್ಟು, ಸದ್ದು ತಿರುಗಿ ಬರುವ ಹೊತ್ತಿನ ಮೇಲೆ ನೀರು ಎಷ್ಟು ಎತ್ತರ ಬಂದಿದೆ ಎಂದು ತಿಳಿಯುತ್ತದೆ, ಬಾವಲಿ ತಿಳಿಯುವ ಹಾಗೆ. ತಿಳಿದದ್ದನ್ನು ರೇಡಿಯೊದಲ್ಲಿ ಕೆಳಗೆ ಹೇಳುತ್ತ ಇರುತ್ತದೆ. ಸಂಕದ ಶಾಲೆ ಕಡೆಯ ತುದಿಯಲ್ಲಿ ಇನ್ನೊಂದು ಬೋರ್ಡು, ಅದಕ್ಕೊಂದು ದೀಪ. ಆ ಊರಿನಲ್ಲಿ ಗುಡ್ಡ ಹತ್ತದೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, ಹಾಗಾಗಿ ಮೆಸೇಜು ಕಳಿಸುವ ಮಾತಿಲ್ಲ. ದೀಪ ನೋಡಿಯೇ ತಿಳಿಯಬೇಕು.

ಆಗಿನ ನಮ್ಮ ಮುಖ್ಯಸ್ಥರು ಚಿಕ್ಕ ವಯಸ್ಸಿನವರು, ಹುಷಾರಿ. "ಅಪಾಯ ಬಂದಾಗ ಕೆಂಪು ದೀಪ ಹತ್ತಲಿ, ಸೈರನ್ ಕೂಗಲಿ. ನೋಡೋಕೆ ಚೆನ್ನಾಗಿರುತ್ತೆ," ಎಂದರು.

ಸುಮಾ, "ಸರ್, ಬೋರ್ಡೇ ಸತ್ತೋದ್ರೆ ಕೆಂಪು ದೀಪ ಹಚ್ಚೋರು ಯಾರು?" ಎಂದಳು.

ಅವರು ಅರ್ಧ ಕುಡಿದ ಟೀ ಕೆಳಗಿಟ್ಟು, "ಹೌದಲ್ಲ ಮಾರಾಯ್ತಿ," ಎಂದರು. ಅವರ ದೊಡ್ಡತನ, ಮರುದಿನ ಅದನ್ನೇ ಇಡೀ ಕ್ಲಾಸಿಗೆ ಪಾಠ ಮಾಡಿದರು. ಕೊನೆಗೆ ನಿಯಮ ಹೀಗಾಯಿತು. ನೀರು ಕಡಿಮೆ ಇದೆ ಎಂದು ಮೇಲಿನ ಬೋರ್ಡು ಹೇಳುತ್ತಿರುವಷ್ಟು ಹೊತ್ತು ಮಾತ್ರ ಕೆಳಗೆ ಹಸಿರು ದೀಪ ಮಿನುಗುತ್ತಿರಬೇಕು. ನೀರು ಏರಿತು ಎಂದರೆ ದೀಪ ಆರಬೇಕು. ಮೇಲಿನಿಂದ ಮಾತೇ ಬರದಿದ್ದರೂ ಆರಬೇಕು. ಕರೆಂಟ್ ಹೋಗಿ ಬ್ಯಾಟರಿ ಮುಗಿದರೆ ಅದಾಗಿಯೇ ಆರುತ್ತದೆ. ದೀಪ ಇದ್ದರೆ ದಾಟು, ಇಲ್ಲದಿದ್ದರೆ ನಿಲ್ಲು.

ಎಲ್ಲರಿಗೂ ಒಪ್ಪಿಗೆಯಾಯಿತು, ಹೂವಮ್ಮನಿಗೆ ಬಿಟ್ಟು.

"ಎಂತ ಅಕ್ಕೋರೇ," ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡಳು. ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. "ಮದ್ವೆಯಾಗಿ ಬಂದಾಗಿಂದ ದಾಟ್ತಾ ಇದೀನಿ ಈ ಹಳ್ಳ. ಈಗ ಒಂದು ಮಿಣಕ್ ಮಿಣಕ್ ದೀಪ ನಂಗೆ ಹೋಗು ನಿಲ್ಲು ಅಂತ ಹೇಳಾದಾ? ನನ್ ಅತ್ತೆ ಹೇಳಿದ್ದೇ ನಾ ಕೇಳ್ಲಿಲ್ಲ."

ಶಾಲೆ ಶುರುವಾಗುವ ದಿನ ದೀಪವನ್ನೂ ಚಾಲೂ ಮಾಡುವುದೆಂದಾಯಿತು. ಪೂಜೆ ಮಾಡದೆ ಹೊಸ ಸಾಮಾನು ಹೊರಡಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಸೈಕಲ್ಲಿಗೂ ಪೂಜೆ, ಗ್ರೈಂಡರಿಗೂ ಪೂಜೆ. ಶಾಲೆಯ ಜಗುಲಿಯಲ್ಲಿ ಎರಡೂ ಡಬ್ಬಿ ಇಟ್ಟು, ಮಕ್ಕಳು ನೋಡಲಿ ಎಂದು ಮುಚ್ಚಳ ತೆಗೆದಿಟ್ಟೆ. ಹೆಡ್‌ಮಾಸ್ಟರು ಊದುಬತ್ತಿ ಹಚ್ಚಿದರು. ಹೂವಮ್ಮ ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಂದು, ಬಗ್ಗಿ ನೋಡಿ, "ಅಯ್ಯ, ಬರೀ ಮೈಯಲ್ಲಿ ಕೂತೈತಲ್ಲ ಪಾಪ," ಎಂದವಳೇ, ಒದ್ದೆ ಬೆರಳಿನಲ್ಲಿ ಎರಡೂ ಬೋರ್ಡಿನ ನಟ್ಟನಡುವೆ ದಪ್ಪಗೆ ಕುಂಕುಮ ಇಟ್ಟಳು. ಮೇಲೆ ಒಂದೊಂದು ಎಸಳು ಸೇವಂತಿಗೆ. ಒಲ್ಲದ ಮನಸ್ಸಿನವಳು ಅಷ್ಟು ಪ್ರೀತಿಯಿಂದ ಇಟ್ಟದ್ದು ನೋಡಿ ನನಗೆ ಸಂತೋಷವೇ ಆಯಿತು. ಸುಮಾ ಹಳ್ಳದ ಮೇಲ್ಭಾಗಕ್ಕೆ ಹೋಗಬೇಕಾದ ಡಬ್ಬಿಯ ಕುಂಕುಮವನ್ನು ಅಮ್ಮ ನೋಡದಂತೆ ಒರೆಸಿದಳು. ಸಂಕದ ಡಬ್ಬಿಯದನ್ನು ಒರೆಸಲು ಸಮಯ ಸಿಗಲಿಲ್ಲ, ಹೆಡ್‌ಮಾಸ್ಟರು ಮುಚ್ಚಳ ಹಾಕಿ ಸ್ಕ್ರೂ ಬಿಗಿಸಿಯೇ ಬಿಟ್ಟಿದ್ದರು.

ಹಿಂದಿನ ಕಂಪ್ಯೂಟರುಗಳಿಗೆ ಪೆಟ್ಟಿಗೆಯ ಮೇಲೆ ಕುಂಕುಮ ಇಟ್ಟರೆ ಏನೂ ಆಗುತ್ತಿರಲಿಲ್ಲ. ಈ ಬರಿಮೈ ಬೋರ್ಡಿನ ಕತೆ ಬೇರೆ. ಮಳೆ ಹಿಡಿದು ಥಂಡಿ ಏರಿದ್ದೇ ತಡ, ಒಣಗಿದ್ದ ಕುಂಕುಮ ನೀರು ಕುಡಿದು ಕೆಸರಾಗಿ, ಬೋರ್ಡಿನ ಮೇಲೆ ಒಂದಕ್ಕೊಂದು ತಾಗಬಾರದ ಗೆರೆಗಳ ನಡುವೆ ಕರೆಂಟ್ ಹರಿಸಿತು. ಒಂದು ಬೆಳಿಗ್ಗೆ ಹಳ್ಳದಲ್ಲಿ ಮೊಣಕಾಲಿಗೂ ನೀರಿಲ್ಲದಿರುವಾಗ ದೀಪ ಆರಿತು. ಮಗಳಿಗೆ ಮಾತು ಕೊಟ್ಟಿದ್ದರಿಂದ ಹೂವಮ್ಮ ಹಲ್ಲು ಕಚ್ಚಿಕೊಂಡು ಈಚೆ ದಡದಲ್ಲೇ ನಿಂತಳು. ಮಕ್ಕಳಿಗೆ ಹೆಡ್‌ಮಾಸ್ಟರೇ ಅವಲಕ್ಕಿ ಕಲಸಿ ಕೊಟ್ಟರಂತೆ.

ಸುದ್ದಿ ತಿಳಿದು ನಾನೂ ಸುಮಾಳೂ ಹೋಗಿ ಡಬ್ಬಿ ಬಿಚ್ಚಿದೆವು. ಬೋರ್ಡಿನ ನಡುವೆ ಕೆಂಪು ರಾಡಿ, ಸುತ್ತ ಹಸಿರು ಕಿಲುಬು. ಹೂವಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

"ಸುಳ್ಳು ಹೇಳೋ ದೀಪ ಎಂತಕ್ಕೆ? ಇದನ್ನ ನೆಚ್ಕಂಡು ನನ್ ಮಕ್ಳು ಅನ್ನ ಇಲ್ದೆ ಕೂತ್ವು."

"ಸುಳ್ಳು ಹೇಳಿಲ್ಲಮ್ಮ," ಎಂದಳು ಸುಮಾ. "ನಂಗೆ ಗೊತ್ತಾಗ್ತಿಲ್ಲ ಅಂತ ಹೇಳ್ತು, ಅಷ್ಟೇ. ಗೊತ್ತಾಗ್ದೇ ಇದ್ರೆ ಆರು ಅಂತ ನಾನೇ ಹೇಳ್ಕೊಟ್ಟಿದ್ದು."

"ಗೊತ್ತಿಲ್ಲ ಅಂತ ಒಪ್ಕಳತ್ತಾ ಅದು?"

"ಒಪ್ಕಳತ್ತೆ."

ಹೂವಮ್ಮ ಮಗಳನ್ನು ನೋಡಿದಳು, ಬೋರ್ಡನ್ನು ನೋಡಿದಳು. "ಗೊತ್ತಿಲ್ಲ ಅಂತ ಒಪ್ಕಳೋ ಒಬ್ಬ ಗಂಡ್ಸನ್ನ ಈ ಊರಲ್ಲಿ ತೋರ್ಸು ನೋಡನ," ಎಂದಳು. ಪಕ್ಕದಲ್ಲಿದ್ದ ಹೆಡ್‌ಮಾಸ್ಟರು ಕೆಮ್ಮಿ ಶಾಲೆಯ ಕಡೆ ಹೋದರು. ನನ್ನ ಬ್ಯಾಗಿನಲ್ಲಿದ್ದ ಇನ್ನೊಂದು ಬೋರ್ಡನ್ನು ಸುಮಾ ಕೂರಿಸಿದಳು. ಹಳೆಯ ಕಾಲವಾಗಿದ್ದರೆ ಒಂದು ಬೋರ್ಡು ಸತ್ತಿತೆಂದು ಒಂದು ವರ್ಷ ಕಾಗದ ಬರೆಯಬೇಕಿತ್ತು. ಈ ಸಲ ಹೂವಮ್ಮ ಕುಂಕುಮವನ್ನು ಮುಚ್ಚಳದ ಮೇಲೆ, ಹೊರಗಡೆ ಇಟ್ಟಳು.

ಅದಾದ ಮೇಲೆ ಜುಲೈ ಬಂತು, ಸೆಮಿಸ್ಟರ್ ಪರೀಕ್ಷೆ ಬಂತು. ಅವತ್ತು ಸುಮಾಳ ಕೊನೆಯ ಪೇಪರು. ಸಾಗರದಲ್ಲಿ ತುಂತುರು, ಹೆಚ್ಚೇನಿಲ್ಲ. ಪರೀಕ್ಷೆ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು, ನಾನು ಲ್ಯಾಬಿನಲ್ಲಿ ಒಬ್ಬಳೇ ಇದ್ದೆ. ಫೋನ್ ಬಂತು. ಹೂವಮ್ಮ. ಗುಡ್ಡ ಹತ್ತಿ ಬಂದು ಏದುಸಿರು ಬಿಡುತ್ತಿದ್ದಳು.

"ಅಕ್ಕೋರೇ, ಸಂಕ ಹೋತು."

ನಾನು ಕುರ್ಚಿಯಿಂದ ಎದ್ದು ನಿಂತೆ. "ನೀವೆಲ್ಲಿದೀರಿ ಹೂವಮ್ಮ?"

"ನಾ ಈ ಬದೀಗೇ ಇದೀನಿ. ಹಳ್ಳದಲ್ಲಿ ನೀರೇ ಇರ್ಲಿಲ್ಲ ಅಕ್ಕೋರೇ, ಬಿಸ್ಲು ಬೇರೆ ಬಿದ್ದಿತ್ತು. ಬಂದು ನೋಡ್ತೀನಿ, ದೀಪ ಇಲ್ಲ. ಇವತ್ತೂ ಕೆಟ್ಟೋತಾ ಅಂತ ಬೈಕೊಂತ ನಿಂತೆ. ಒಂದ್ ಕಾಲು ಸಂಕದ ಮೇಲೆ ಇಟ್ಟೂ ಇಟ್ಟಿದ್ದೆ. ಅದಕ್ಕೇ ಗೊತ್ತಿಲ್ಲ ಅಂದ್ಮೇಲೆ ನಂಗೆಂತ ಗೊತ್ತು ಅಂತ ಹಿಂದೆ ತಗಂಡೆ. ಎಲೆ ಅಡಿಕೆ ಬಾಯಿಗೆ ಹಾಕ್ಕಂಡು ಮುಗಿದಿರ್ಲಿಲ್ಲ, ಬಂತು ನೋಡಿ ನೀರು. ಮುಂದ್ಗಡೆ ನಿಮ್ ಡಬ್ಬಿ, ಕಂಬದ ಸಮೇತ. ನನ್ ಕಣ್ಣೆದ್ರೇ ತೇಲ್ಕಂಡ್ ಹೋತು. ಹಿಡ್ಯಾಕೆ ಆಗ್ಲಿಲ್ಲ, ಬೇಜಾರ್ ಮಾಡ್ಕಬೇಡಿ."

ಡಬ್ಬಿ ಹಿಡಿಯಲಾಗಲಿಲ್ಲವೆಂದು ಅವಳು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದಳು! ನನಗೆ ಅಳು ಬಂತು. ಮೇಲೆ ನೀರು ಬಂದ ರಭಸಕ್ಕೆ, ನೀರು ಏರಿತು ಎಂದು ಹೇಳಲು ಆ ಪುಟ್ಟ ಬೋರ್ಡಿಗೆ ಪುರುಸೊತ್ತೇ ಸಿಕ್ಕಿರಲಿಕ್ಕಿಲ್ಲ. ಕಂಬ ಕಿತ್ತಿತು, ಅದರ ಮಾತು ನಿಂತಿತು. ಮಾತು ನಿಂತದ್ದಕ್ಕೇ ಕೆಳಗೆ ದೀಪ ಆರಿತು. ದೋಸೆಯ ಬೆಲೆಯ ಸಾಮಾನು, ಏನೂ ಹೇಳದೆ ಸುಮ್ಮನಾಗಿ, ಒಂದು ಜೀವ ಉಳಿಸಿತ್ತು. ನನ್ನ ಸರ್ವಿಸಿನಲ್ಲಿ ನಾನು ಕಂಡ ಅತಿ ದೊಡ್ಡ ಸೋಜಿಗ ಅದು.

"ಹೆಡ್‌ಮಾಸ್ಟ್ರಿಗೆ ಫೋನ್ ಹೋಗ್ತಿಲ್ಲ," ಎಂದಳು ಹೂವಮ್ಮ. "ಸಿಕ್ರೆ ಹೇಳಿ, ಅನ್ನಕ್ಕೆ ಬೇರೆಯವ್ರನ್ನ ನೋಡ್ಕಳ್ಳಿ ಅಂತ. ಮತ್ತೆ ಸುಮಂಗೆ ಈಗ್ಲೇ ಹೇಳ್ಬೇಡಿ, ಪರೀಕ್ಷೆ ಬರೀಲಿ."

ಸುಮಾಳಿಗೆ ಹೇಳಲಿಲ್ಲ. ಪರೀಕ್ಷಾ ಹಾಲಿನ ಹೊರಗೆ ಹೋಗಿ ಬೆಂಚಿನ ಮೇಲೆ ಕೂತೆ. ಕಿಟಕಿಯಿಂದ ಅವಳ ಜಡೆ ಕಾಣುತ್ತಿತ್ತು. ತಲೆ ಬಗ್ಗಿಸಿ ಬರೆಯುತ್ತಿದ್ದಳು, ಎರಡು ಸಲ ಅಡಿಷನಲ್ ಶೀಟ್ ಇಸಿದುಕೊಂಡಳು. ಬೆಲ್ಲಾಯಿತು. ಹುಡುಗರೆಲ್ಲ ಗಲಾಟೆ ಮಾಡುತ್ತ ಹೊರಗೆ ಬಂದರು. ನನ್ನ ಮುಖ ನೋಡಿದವಳೇ ಸುಮಾ ಅಲ್ಲೇ ನಿಂತಳು.

"ಅಮ್ಮ ಫೋನ್ ಮಾಡಿದ್ರು," ಎಂದೆ. "ಸಂಕ ಕೊಚ್ಕೊಂಡು ಹೋಯ್ತಂತೆ. ಅಮ್ಮ ಆರಾಮಾಗಿದಾರೆ, ಮನೆ ಕಡೆ ದಡದಲ್ಲೇ ಇದ್ರಂತೆ."

ಅವಳ ತುಟಿ ಬಿಳುಚಿತು.

"ದೀಪ?" ಎಂದಳು.

"ಆರಿತ್ತಂತೆ ಮಗಾ."

ಅವಳು ಅಲ್ಲೇ ಕಾರಿಡಾರಿನ ಗೋಡೆಗೆ ಒರಗಿ ನೆಲದ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಪಕ್ಕದಲ್ಲಿ ಕೂತೆ.